ಸೂಳೆಕೆರೆ: ಒಂದು ಹೆಸರಿನ ಅರ್ಥ ಎಲ್ಲಿಂದ ಎಲ್ಲಿಗೆ ಬಂತು?

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿ ಒಂದು ದೊಡ್ಡ ಕೆರೆ ಇದೆ. ಸುತ್ತಲಿನ ಹಳ್ಳಿಗಳ ಹಿರಿಯರು ಅದನ್ನು ಸೂಳೆಕೆರೆ ಅಂತ ಯಾವ ಮುಜುಗರವೂ ಇಲ್ಲದೆ ಕರೆಯುತ್ತಾರೆ. "ಸೂಳೆಕೆರೆ ನೀರು ಬಿಟ್ರಾ?", "ಸೂಳೆಕೆರೆ ಈ ಸಲ ತುಂಬ್ತಾ?" ಅನ್ನುವುದು ಅಲ್ಲಿ ದಿನನಿತ್ಯದ ಮಾತು. ಅದೇ ಹೆಸರನ್ನು ವೇದಿಕೆ ಮೇಲೆ ಮೈಕಿನ ಮುಂದೆ ಹೇಳಬೇಕಾಗಿ ಬಂದರೆ ಮಾತ್ರ ನಾಲಿಗೆ ಸ್ವಲ್ಪ ತಡವರಿಸುತ್ತದೆ. ಆಗ ‘ಶಾಂತಿಸಾಗರ’ ಎಂಬ ಇನ್ನೊಂದು ಹೆಸರು ಹೊರಗೆ ಬರುತ್ತದೆ. ಪ್ರವಾಸಿ ಕೈಪಿಡಿಗಳಲ್ಲೂ ಈ ಎರಡನೇ ಹೆಸರಿಗೇ ಮೊದಲ ಮಣೆ.

ಒಂದೇ ನೀರಿಗೆ ಎರಡು ಹೆಸರು ಯಾಕೆ? ಹಳೆಯದು ಕೆಟ್ಟ ಪದ, ಅದಕ್ಕೇ ಒಳ್ಳೆಯದೊಂದನ್ನು ಇಟ್ಟರು ಅಂತ ಥಟ್ಟನೆ ಹೇಳಿಬಿಡಬಹುದು. ಆದರೆ ನೋಡಿ, ಆ ಹೆಸರು ಇಟ್ಟ ದಿನ ಅದು ಕೆಟ್ಟ ಪದವಾಗಿತ್ತೇ? ಈ ಪ್ರಶ್ನೆಯ ಬಾಲ ಹಿಡಿದು ಹೊರಟರೆ ಬಾದಾಮಿ ಚಾಲುಕ್ಯರ ಕಾಲದವರೆಗೂ ಹೋಗಬೇಕಾಗುತ್ತದೆ. ದಾರಿಯಲ್ಲಿ ಹೊನ್ನಾಳಿ, ನ್ಯಾಮತಿ, ಜಗಳೂರಿನ ಕಡೆಗೂ ಒಂದು ಸುತ್ತು ಹಾಕಬಹುದು.

ಮೊದಲು ಕೆರೆಯ ವಿಷಯ. ಹರಿದ್ರಾವತಿ ಎಂಬ ಹಳ್ಳ ಎರಡು ಗುಡ್ಡಗಳ ನಡುವೆ ನುಸುಳಿ ಹೋಗುವ ಜಾಗದಲ್ಲಿ ಅಡ್ಡಲಾಗಿ ಏರಿ ಕಟ್ಟಿದ್ದಾರೆ. ಏರಿಯ ಉದ್ದ ಸುಮಾರು ೯೫೦ ಅಡಿ ಮಾತ್ರ. ಇಷ್ಟು ಗಿಡ್ಡ ಏರಿ ಅಷ್ಟು ದೊಡ್ಡ ನೀರನ್ನು ಹಿಡಿದು ನಿಲ್ಲಿಸಿದೆ ಅನ್ನುವುದೇ ಆಶ್ಚರ್ಯ. ಜಾಗ ಆರಿಸಿದವರ ಕಣ್ಣಿಗೆ ಕೈ ಮುಗಿಯಬೇಕು. ಸಿದ್ಧ ಮತ್ತು ಬಸವ ಎಂಬ ಎರಡು ತೂಬುಗಳು, ಅವುಗಳಿಂದ ಹೊರಡುವ ನಾಲೆಗಳಿಗೂ ಅವೇ ಹೆಸರು. ಕೆರೆಯಿಂದ ಮುಂದೆ ಹರಿದ ಹರಿದ್ರಾ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಕೆರೆ ಹನ್ನೊಂದು ಅಥವಾ ಹನ್ನೆರಡನೇ ಶತಮಾನದ್ದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಏಷ್ಯಾದ ಎರಡನೇ ದೊಡ್ಡ ಕೆರೆ ಅಂತ ಈ ಭಾಗದ ಜನ ಹೆಮ್ಮೆಪಡುತ್ತಾರೆ. ದೂರದ ಚಿತ್ರದುರ್ಗಕ್ಕೂ ಇಲ್ಲಿಂದ ಕುಡಿಯುವ ನೀರು ಹೋಗಿದೆ. ಅಂದರೆ ಹೆಸರು ಹೇಳಲು ನಾಚುವವರ ಮನೆಯ ನಲ್ಲಿಯಲ್ಲೂ ಬಂದದ್ದು ಅದೇ ಕೆರೆಯ ನೀರು!

ಇನ್ನು ಹೆಸರಿನ ಕತೆ. ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲೂ ಈ ಐತಿಹ್ಯವನ್ನು ಬರೆದಿಟ್ಟಿದ್ದಾರೆ. ಹೇಳುವವರ ಬಾಯಲ್ಲಿ ವಿವರ ಬೇರೆಬೇರೆಯಾಗುತ್ತದೆ, ತಿರುಳು ಮಾತ್ರ ಒಂದೇ. ಸ್ವರ್ಗಾವತಿ ಎಂಬ ಪಟ್ಟಣ, ಅಲ್ಲಿ ವಿಕ್ರಮರಾಯನೆಂಬ ರಾಜ, ಅವನ ಮಗಳು ಶಾಂತವ್ವ. ಅವಳು ತಾನು ಮಾಡಿದ ತಪ್ಪಿನ ಪ್ರಾಯಶ್ಚಿತ್ತಕ್ಕೆ ಒಂದು ಕೆರೆ ಕಟ್ಟಿಸಬೇಕೆಂದು ಹೊರಟಳು. ಕೆರೆಗೆ ಬೇಕಾದ ಜಾಗದಲ್ಲಿ ಸೂಳೆಯರ ಮನೆಗಳಿದ್ದವು. ಜಾಗ ಬಿಟ್ಟುಕೊಡಿ ಅಂದಾಗ ಅವರು ಒಂದು ಷರತ್ತು ಹಾಕಿದರು: ಕೆರೆಗೆ ನಮ್ಮ ಹೆಸರಿಡಬೇಕು. ಶಾಂತವ್ವ ಒಪ್ಪಿದಳು. ಮನೆ ಮುಳುಗಿತು, ಹೆಸರು ಉಳಿಯಿತು.

ಇದು ಐತಿಹ್ಯ, ಶಾಸನ ಅಲ್ಲ. ಸ್ವರ್ಗಾವತಿಯನ್ನೋ ವಿಕ್ರಮರಾಯನನ್ನೋ ಇತಿಹಾಸದ ರಾಜವಂಶಗಳ ಪಟ್ಟಿಯಲ್ಲಿ ಹುಡುಕುತ್ತಾ ಕೂರಬೇಕಾಗಿಲ್ಲ. ಆದರೂ ಜನ ಒಂದು ಕತೆಯನ್ನು ನೂರಾರು ವರ್ಷ ಹೇಳಿಕೊಂಡು ಬಂದಿದ್ದಾರೆ ಅಂದರೆ ಆ ಕತೆ ಅವರಿಗೆ ಅರ್ಥವಾಗುವಂತೆ ಇರಬೇಕು, ಅಲ್ಲವೇ? ಈಗ ಯೋಚಿಸಿ. ಮನೆ, ನೆಲ ಎಲ್ಲಾ ಬಿಟ್ಟು ಹೋಗುವವರು ಕೇಳಿದ್ದು ಹಣವನ್ನಲ್ಲ, ಹೆಸರನ್ನು. ಆ ಪದ ಬರೀ ಬೈಗುಳವಾಗಿದ್ದರೆ ಯಾರಾದರೂ ಅದನ್ನೇ ತಮ್ಮ ನೆಲದ ಬೆಲೆಯಾಗಿ ಕೇಳುತ್ತಿದ್ದರೇ? ಕತೆ ಕಟ್ಟಿದವರ ಕಿವಿಯಲ್ಲಿ ಆ ಪದಕ್ಕೆ ಬೇರೆ ತೂಕ ಇತ್ತು ಅನ್ನುವುದಕ್ಕೆ ಕತೆಯೇ ಒಂದು ಸಾಕ್ಷಿ.

ಇನ್ನೂ ಗಟ್ಟಿ ಸಾಕ್ಷಿ ಬೇಕೆನ್ನುವವರು ಬಾದಾಮಿಯ ಹತ್ತಿರದ ಮಹಾಕೂಟಕ್ಕೆ ಹೋಗಬೇಕು. ಅಲ್ಲಿಯ ದೇವಾಲಯದಲ್ಲಿ ಚಾಲುಕ್ಯ ವಿಜಯಾದಿತ್ಯನ (ಕ್ರಿ.ಶ. ೬೯೬-೭೩೩) ಕಾಲದ ಒಂದು ಕನ್ನಡ ಶಾಸನವಿದೆ. ವಿನಾಪೋಟಿ ಎಂಬಾಕೆ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಜೊತೆಗೆ ಭೂಮಿಯನ್ನು ದಾನ ಕೊಟ್ಟದ್ದನ್ನು ಅದು ಹೇಳುತ್ತದೆ. ಆಕೆ ಯಾರು? ರಾಜನ ಪ್ರಾಣವಲ್ಲಭೆ ಅನ್ನುತ್ತದೆ ಶಾಸನ, ಸೂಳೆ ಅಂತಲೂ ಅನ್ನುತ್ತದೆ. ಗಮನಿಸಬೇಕಾದ್ದು ವ್ಯಾಕರಣ. ಆಕೆಯ ಹೆಸರಿಗೂ, ಸೂಳೆ ಎಂಬ ಪದಕ್ಕೂ ಗೌರವದ ಬಹುವಚನ ಹಚ್ಚಿದ್ದಾರೆ. ಇವತ್ತು ನಾವು ‘ಮೇಷ್ಟ್ರು’, ‘ಡಾಕ್ಟ್ರು’ ಅನ್ನುವ ಹಾಗೆ. ಆಕೆಯ ತಾಯಿಯ ಹೆಸರು, ಅಜ್ಜಿಯ ಹೆಸರು ಕೂಡ ಅದೇ ಗೌರವದ ರೂಪದಲ್ಲಿ ಕಲ್ಲಿನ ಮೇಲೆ ಇವೆ. ತಂದೆಯ ಹೆಸರಿನಿಂದ ಶುರುವಾಗುವ ಶಾಸನಗಳನ್ನು ಓದಿ ಓದಿ ರೂಢಿಯಾದವರಿಗೆ ಮೂರು ತಲೆಮಾರಿನ ಹೆಣ್ಣುಮಕ್ಕಳ ಈ ಸಾಲು ಬೆರಗು ತರುತ್ತದೆ. ಇದೇ ಪದಕ್ಕೆ ಇವತ್ತಿನ ಅರ್ಥ ಹಾಕಿ ಓದಿದರೆ ಶಾಸನ ಹೇಳುತ್ತಿರುವುದೇ ಬೇರೆಯಾಗಿಬಿಡುತ್ತದೆ.

ಹನ್ನೆರಡನೇ ಶತಮಾನಕ್ಕೆ ಬನ್ನಿ. ಶರಣರಲ್ಲಿ ಸೂಳೆ ಸಂಕವ್ವೆ ಎಂಬ ವಚನಕಾರ್ತಿ ಇದ್ದಾಳೆ. ಅವಳ ಅಂಕಿತ ನಿರ್ಲಜ್ಜೇಶ್ವರ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಅನ್ನುವ ಹಾಗೆ ಅವಳ ಹೆಸರಿನ ಮುಂದೆಯೂ ಅವಳ ವೃತ್ತಿಯೇ ಕೂತಿದೆ. ಆದರೆ ಅದೇ ಕಾಲದ ಬೇರೆ ವಚನಗಳಲ್ಲಿ ಸೂಳೆ ಎಂಬ ಪದ ಪತಿವ್ರತೆಗೆ ಎದುರಾಗಿ, ನಿಷ್ಠೆಯಿಲ್ಲದ ಭಕ್ತಿಯನ್ನು ಹಳಿಯುವುದಕ್ಕೂ ಬಳಕೆಯಾಗಿದೆ. ಅಂದರೆ ಆಗಲೇ ಪದ ಎರಡು ಕಡೆ ವಾಲುತ್ತಿತ್ತು. ಒಂದು ಕಡೆ ದೇವಾಲಯದ ಸೇವೆ, ಸಂಗೀತ, ನೃತ್ಯ, ದಾನ. ಇನ್ನೊಂದು ಕಡೆ ಹಣಕ್ಕೆ ಒಲಿಯುವವಳು ಎಂಬ ತಿರಸ್ಕಾರ. ಸೂಳೆಕೆರೆ ಹುಟ್ಟಿದ್ದು ಹೆಚ್ಚುಕಮ್ಮಿ ಇದೇ ಕಾಲದಲ್ಲಿ ಅನ್ನುವುದನ್ನು ನೆನಪಿಡಿ.

೧೮೯೪ರಲ್ಲಿ ಕಿಟೆಲ್ ಅವರ ನಿಘಂಟು ಬರುವ ಹೊತ್ತಿಗೆ ಮೊದಲ ಅರ್ಥ ಸವೆದು ಎರಡನೆಯದೇ ಉಳಿದಿತ್ತು. ಇವತ್ತಂತೂ ಕೇಳಲೇಬೇಡಿ. ಜಗಳದಲ್ಲಿ ಹೆಣ್ಣಿನ ಮೇಲೆ ಎಸೆಯುವ ಕಲ್ಲಾಗಿದೆ ಆ ಪದ.

ಇದು ಕನ್ನಡದಲ್ಲಿ ಮಾತ್ರ ಆದದ್ದೇನಲ್ಲ. ತಮಿಳಿನಲ್ಲಿ ದೇವರಡಿಯಾರ್ ಅಂದರೆ ದೇವರ ಅಡಿಗೆರಗಿದವರು, ಭಕ್ತರು. ಅದೇ ಪದ ಸವೆದು ಇವತ್ತು ತಮಿಳಿನ ಅತ್ಯಂತ ಕೆಟ್ಟ ಬೈಗುಳಗಳಲ್ಲಿ ಒಂದಾಗಿದೆ. ಇಂಗ್ಲಿಷಿನಲ್ಲಿ ಮನೆಯೊಡತಿ ಎಂಬ ಅರ್ಥದ ‘ಹೌಸ್‌ವೈಫ್’ ಪದವೇ ನಾಲಿಗೆಯ ಮೇಲೆ ಕುಗ್ಗಿ ‘ಹಸ್ಸಿ’ ಆಗಿ, ನಡತೆಗೆಟ್ಟವಳು ಎಂಬ ಅರ್ಥಕ್ಕೆ ಇಳಿಯಿತು. ಹೆಣ್ಣಿಗೆ ಸಂಬಂಧಿಸಿದ ಪದಗಳು ಕೆಳಕ್ಕೆ ಜಾರುವುದು ಭಾಷೆ ಭಾಷೆಯಲ್ಲೂ ಕಾಣುತ್ತದೆ. ಸಮಾಜ ಯಾರನ್ನು ಕೆಳಗಿಟ್ಟಿತೋ ಅವರ ಹೆಸರೂ ಜೊತೆಗೇ ಕೆಳಗಿಳಿಯಿತು.

ಇನ್ನೊಂದು ಪದ ನೋಡೋಣ. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೇ ಸಂಪುಟ ೧೯೦೨ರಲ್ಲಿ ಬಂತು. ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. (ಹೊನ್ನಾಳಿ, ಚನ್ನಗಿರಿ ಆಗ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಜಗಳೂರು ಚಿತ್ರದುರ್ಗದಲ್ಲಿತ್ತು. ಇವೆಲ್ಲ ದಾವಣಗೆರೆ ಜಿಲ್ಲೆಗೆ ಸೇರಿದ್ದು ೧೯೯೭ರಲ್ಲಿ. ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿ ತಾಲ್ಲೂಕಾದದ್ದು ೨೦೧೮ರಲ್ಲಿ.) ಆ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಒಂದು ಶಾಸನವಿದೆ, ಹತ್ತನೇ ಶತಮಾನದ ಆರಂಭದ್ದು. ಗಂಡ ತೀರಿಕೊಂಡ ಮೇಲೆ ಜಕ್ಕಿಯಬ್ಬೆ ಎಂಬಾಕೆ ನಾಗರಖಂಡದ ನಾಳ್ಗಾವುಂಡಿಕೆ ನಡೆಸಿದಳು ಎಂದು ಅದು ಹೇಳುತ್ತದೆ.

ಗಾವುಂಡ ಅಂದರೆ ಇವತ್ತಿನ ಗೌಡ. ಈಗ ಗೌಡ ಅಂದರೆ ಕೇಳಿದವರ ತಲೆಯಲ್ಲಿ ಮೊದಲು ಬರುವುದು ಜಾತಿ ಅಥವಾ ಹೆಸರಿನ ಬಾಲ. ಶಾಸನದಲ್ಲಿ ಅದು ಹುದ್ದೆ. ನಾಳ್ಗಾವುಂಡ ಅಂದರೆ ಒಂದು ನಾಡಿನ ಆಡಳಿತ ನೋಡುವವನು, ಜಕ್ಕಿಯಬ್ಬೆಯ ವಿಷಯದಲ್ಲಿ ನೋಡುವವಳು. ಇಲ್ಲಿ ‘ನಾಡು’ ಎಂಬುದೂ ಇವತ್ತಿನ ಕನ್ನಡ ನಾಡಿನಷ್ಟು ದೊಡ್ಡದಲ್ಲ, ಕೆಲವು ಹಳ್ಳಿಗಳ ಒಂದು ಗುಂಪು. ಎರಡೂ ಪದಗಳಿಗೆ ಇವತ್ತಿನ ಅರ್ಥ ಹಾಕಿ ಓದಿದವನಿಗೆ ಜಕ್ಕಿಯಬ್ಬೆ ‘ನಾಡಿನ ಗೌಡರ ಮನೆ ಹೆಂಗಸು’ ಆಗಿ ಕಾಣುತ್ತಾಳೆ. ಅವಳು ಅಧಿಕಾರಿಯಾಗಿದ್ದಳು ಅನ್ನುವುದೇ ಕಣ್ಣಿಗೆ ಬೀಳುವುದಿಲ್ಲ. ಮಹಾಕೂಟದ ವಿನಾಪೋಟಿಗೆ ಆದದ್ದೂ ಇದೇ. ಪದದ ಅರ್ಥ ಬದಲಾದಾಗ ಮೊದಲು ಕಾಣೆಯಾಗುವುದು ಕಲ್ಲಿನಲ್ಲಿ ಹೆಸರು ಉಳಿಸಿಕೊಂಡಿದ್ದ ಮನುಷ್ಯರು.

ಹೊನ್ನಾಳಿ, ನ್ಯಾಮತಿ ಕಡೆಯ ಊರುಗಳಲ್ಲಿ ವೀರಗಲ್ಲುಗಳು ಬೇಕಾದಷ್ಟಿವೆ. ನ್ಯಾಮತಿ ತಾಲ್ಲೂಕಿನ ಬೆಳಗುತ್ತಿಯಂತೂ ಸಿಂದ ಅರಸರು ಆಳಿದ ಊರು, ಶಾಸನ ಓದುವವರಿಗೆಲ್ಲ ಪರಿಚಿತ. ವೀರಗಲ್ಲುಗಳ ಭಾಷೆಯಲ್ಲಿ ‘ನೆತ್ತರುಗೊಡಗೆ’ ಎಂಬ ಪದ ಬರುತ್ತದೆ. ಇವತ್ತಿನ ಹುಡುಗರಿಗೆ ಅರ್ಥ ಕೇಳಿದರೆ ರಕ್ತದಾನ ಅನ್ನಬಹುದು! ನಿಜವಾದ ಅರ್ಥ ಬೇರೆ. ಊರಿಗಾಗಿ ಹೋರಾಡಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿ ಅದು. ಹಾಗೆಯೇ ‘ಮಾನ್ಯ’. ಈಗ ‘ಮಾನ್ಯ ಸಚಿವರೇ’ ಅನ್ನುವಾಗ ಬರುವ ಪದ, ಹಿಂದೆ ತೆರಿಗೆ ಇಲ್ಲದ ಭೂಮಿಗೆ ಇದ್ದ ಹೆಸರು. ‘ಬಿಟ್ಟಿ’ ಅಂದರೆ ಇವತ್ತು ಪುಕ್ಕಟೆ, ಪಡೆಯುವವನಿಗೆ ಖುಷಿ. ಶಾಸನಗಳಲ್ಲಿ ಬಿಟ್ಟಿ ಎಂದರೆ ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿಮೆ. ದುಡಿದವನ ಕಡೆಯಿಂದ ನೋಡುತ್ತಿದ್ದ ಪದ ಪಡೆದವನ ಕಡೆಗೆ ತಿರುಗಿಕೊಂಡಿದೆ. ಯಾರೂ ಕೂತು ತೀರ್ಮಾನ ಮಾಡಿ ತಿರುಗಿಸಿದ್ದಲ್ಲ. ಆಡುತ್ತಾ ಆಡುತ್ತಾ ಆದದ್ದು.

ಕೆರೆಯ ಭಾಷೆಯಲ್ಲಂತೂ ಇಂಥದ್ದು ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಪೇಟೆಯ ಮನೆಯಲ್ಲಿ ‘ಅಚ್ಚುಕಟ್ಟು’ ಅಂದರೆ ನೀಟಾಗಿರುವುದು. "ಹುಡುಗಿ ಅಚ್ಚುಕಟ್ಟು" ಅಂದರೆ ಮನೆ ಚೆನ್ನಾಗಿ ಇಟ್ಟುಕೊಳ್ಳುತ್ತಾಳೆ ಅಂತ. ಭದ್ರಾ ನಾಲೆಯ ರೈತನಿಗೆ ಅಚ್ಚುಕಟ್ಟು ಅಂದರೆ ನೀರು ಹಾಯುವ ಜಮೀನಿನ ಒಟ್ಟು ಪ್ರದೇಶ. ‘ನಮ್ಮ ಹೊಲ ಅಚ್ಚುಕಟ್ಟಿಗೆ ಬರುತ್ತೋ ಇಲ್ಲವೋ’ ಅನ್ನುವುದರ ಮೇಲೆ ಅವನು ಭತ್ತ ಬೆಳೆಯಬೇಕೋ ಜೋಳ ಬೆಳೆಯಬೇಕೋ ಅನ್ನುವುದು ನಿಂತಿದೆ. ‘ಕೋಡಿ ಬಿತ್ತು’ ಅಂದರೆ ಪೇಟೆಯವರು ಏನೋ ಮುರಿದು ಬಿತ್ತು ಅಂತ ಗಾಬರಿಯಾಗುತ್ತಾರೆ. ಹಳ್ಳಿಯಲ್ಲಿ ಅದು ಸಂಭ್ರಮದ ಸುದ್ದಿ: ಕೆರೆ ತುಂಬಿ ಹೆಚ್ಚಿನ ನೀರು ಹೊರಗೆ ಹರಿಯಿತು, ಬಾಗಿನ ಕೊಡುವ ಸಮಯ ಬಂತು. ಏರಿ ಒಡೆಯುವುದು ಆಪತ್ತು, ಕೋಡಿ ಬೀಳುವುದು ಸಂಪತ್ತು. ಈ ವ್ಯತ್ಯಾಸ ತಿಳಿಯದವರು ಸುದ್ದಿ ಬರೆದರೆ ಓದಿದವರಿಗೆ ಅನರ್ಥವೇ ಗತಿ.

ಜಗಳೂರಿನ ಕಡೆ ಮಳೆ ಕಡಿಮೆ. ಅಲ್ಲಿ ಇತ್ತೀಚೆಗೆ ಒಂದು ಕ್ರಿಯಾಪದದ ಅರ್ಥವೇ ಬದಲಾಗಿದೆ. ಹಿಂದೆ ಕೆರೆ ‘ತುಂಬುತ್ತಿತ್ತು’. ಈಗ ಕೆರೆಯನ್ನು ‘ತುಂಬಿಸುತ್ತಾರೆ’. ಹರಿಹರದ ಹತ್ತಿರದ ದೀಟೂರಿನಲ್ಲಿ ತುಂಗಭದ್ರೆಯಿಂದ ನೀರೆತ್ತಿ ಜಗಳೂರು ಸೀಮೆಯ ೫೭ ಕೆರೆಗಳಿಗೆ ಹಾಯಿಸುವ ಯೋಜನೆಗೆ ಎಲ್ಲರ ಬಾಯಲ್ಲೂ ‘ಕೆರೆ ತುಂಬಿಸುವ ಯೋಜನೆ’ ಎಂದೇ ಹೆಸರು. ತುಂಬುವುದು ಮಳೆಯ ಕೆಲಸ, ತುಂಬಿಸುವುದು ಪಂಪಿನ ಕೆಲಸ. ಒಂದು ‘ಇಸು’ ಸೇರಿದ್ದರಿಂದ ಆಕಾಶ ನೋಡುತ್ತಿದ್ದವರು ಈಗ ಕರೆಂಟು, ಸರ್ಕಾರಗಳ ಕಡೆಗೂ ನೋಡಬೇಕಾಗಿದೆ. ಮುಂದೆ ಯಾರಾದರೂ ‘ಆ ವರ್ಷ ಜಗಳೂರಿನ ಕೆರೆಗಳು ತುಂಬಿದ್ದವು’ ಎಂಬ ಒಂದು ಸಾಲು ಓದಿ, ಓಹೋ ಆ ವರ್ಷ ಒಳ್ಳೆ ಮಳೆ ಅಂತ ಬರೆದರೆ ತಪ್ಪಾದೀತು. (ಅಂದ ಹಾಗೆ ಜಗಳೂರು ಅಂದಕೂಡಲೇ ಜಗಳದ ಊರು ಎಂದು ನಗುವವರಿದ್ದಾರೆ. ಊರಿನ ಹೆಸರನ್ನು ಇವತ್ತಿನ ಕಿವಿಯಿಂದ ಕೇಳಿದರೆ ಆಗುವುದೇ ಹೀಗೆ.)

ಈಗ ಮತ್ತೆ ಚನ್ನಗಿರಿಗೆ ಬರೋಣ. ಪದದ ಅರ್ಥ ಬದಲಾಯಿತು, ಹಳೆಯ ಹೆಸರು ಕಿವಿಗೆ ಕಟುವಾಯಿತು. ಹೊಸ ಹೆಸರು ಕೊಟ್ಟರು. ಅದರಿಂದ ವಿಷಯ ತಿಳಿಯಾಯಿತೇ? ‘ಶಾಂತಿಸಾಗರ’ ಎಂಬ ಹೆಸರನ್ನೇ ಸ್ವಲ್ಪ ಬಿಡಿಸಿ ನೋಡಿ. ಅದರಲ್ಲಿರುವ ಶಾಂತಿ ಮೂಲದಲ್ಲಿ ಕತೆಯ ಶಾಂತವ್ವ. ಆದರೆ ಈಗ ಆ ಫಲಕ ಓದುವ ಹೊರಗಿನವನಿಗೆ ಅದು ನೆಮ್ಮದಿ, ಸಮಾಧಾನ ಎಂಬ ಅರ್ಥದ ಶಾಂತಿ. ನೀರು ಪ್ರಶಾಂತವಾಗಿದೆ, ಅದಕ್ಕೇ ಈ ಹೆಸರು ಅಂದುಕೊಂಡು ಫೋಟೋ ಹೊಡೆದುಕೊಂಡು ಹೋಗುತ್ತಾನೆ. ಅಂದರೆ ಜಾಗ ಬಿಟ್ಟುಕೊಟ್ಟ ಹೆಂಗಸರ ಹೆಸರು ಹೋಯಿತು, ಕೆರೆ ಕಟ್ಟಿಸಿದ ಹೆಣ್ಣಿನ ಹೆಸರೂ ಉಳಿಯಲಿಲ್ಲ. ಹೊಸ ಹೆಸರಿನ ಅರ್ಥವೂ ಸುಮ್ಮನೆ ಕೂರದೆ ಜಾರಿಬಿಟ್ಟಿತು!

ಸಾಗರ ಪದದ ಕತೆಯೂ ಸ್ವಾರಸ್ಯವಾಗಿದೆ. ಕೆರೆಗೆ ಸಾಗರ, ಸಮುದ್ರ ಎನ್ನುವುದು ನಮ್ಮಲ್ಲಿ ಹಳೆಯ ಪದ್ಧತಿ. ಹೊಯ್ಸಳರ ದೋರಸಮುದ್ರದಲ್ಲಿ ಇರುವುದು ಕೆರೆ, ಕಡಲಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲಿ ೧೯೦೭ರಲ್ಲಿ ಪೂರ್ಣಗೊಂಡ ಜಲಾಶಯಕ್ಕೆ ರಾಜಮಾತೆಯವರ ಗೌರವಕ್ಕಾಗಿ ವಾಣಿವಿಲಾಸ ಸಾಗರ ಎಂದು ಹೆಸರಿಟ್ಟರು. ಜನರ ಬಾಯಲ್ಲಿ ಮಾರಿಕಣಿವೆ ಇನ್ನೂ ಹೋಗಿಲ್ಲ. ಅಲ್ಲಿ ಎರಡೂ ಹೆಸರಿಗೆ ನಾಚಿಕೆ ಅಂಟಿಲ್ಲ, ಹಾಗಾಗಿ ಎರಡೂ ಜಗಳವಿಲ್ಲದೆ ಬಾಳುತ್ತಿವೆ. ಇನ್ನೂ ಒಂದು ಮಾತು. ಚನ್ನಗಿರಿ ಎಂಬ ಹೆಸರು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಬಂದದ್ದು ಎನ್ನುತ್ತಾರೆ. ರಾಣಿಯ ಹೆಸರು ಹೊತ್ತ ತಾಲ್ಲೂಕು, ಆ ತಾಲ್ಲೂಕಿನ ಅತಿದೊಡ್ಡ ಕೆರೆಗೆ ರಾಣಿಯರಲ್ಲದ ಹೆಂಗಸರ ಹೆಸರು. ಇಂಥ ಜೋಡಿ ಕರ್ನಾಟಕದಲ್ಲಿ ಇನ್ನೆಲ್ಲಿದೆ?

ಹೆಸರು ಬದಲಾದರೆ ಬರೀ ಭಾವನೆಯ ನಷ್ಟವಲ್ಲ, ಕಾಗದದ ನಷ್ಟವೂ ಇದೆ. ರೈಸ್ ಅವರ ಗೆಜೆಟಿಯರು, ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ ಈ ಏರಿಯನ್ನು ಕಂಡು ಮಾಡಿದ ಮೆಚ್ಚುಗೆ, ಇವೆಲ್ಲ ಸೂಳೆಕೆರೆ ಎಂಬ ಹೆಸರಿನ ಕೆಳಗೇ ಇವೆ. ಶಾಂತಿಸಾಗರ ಎಂದು ಹುಡುಕುವ ವಿದ್ಯಾರ್ಥಿಗೆ ಅವು ಸಿಗುವುದಿಲ್ಲ. ಸಿಕ್ಕರೂ ಇದೇ ಕೆರೆ ಅಂತ ಗೊತ್ತಾಗುವುದಿಲ್ಲ. ಕೆರೆಯ ಗಡಿ ಎಲ್ಲಿತ್ತು, ನೀರು ಎಲ್ಲಿವರೆಗೆ ನಿಲ್ಲುತ್ತಿತ್ತು, ಯಾರಿಗೆ ಎಷ್ಟು ನೀರು ಹೋಗುತ್ತಿತ್ತು ಎಂಬ ಪ್ರಶ್ನೆ ಎದ್ದಾಗ ಹಳೆಯ ಕಾಗದ ಬೇಕಾಗುತ್ತದೆ. ಆಗ ಎರಡು ಹೆಸರುಗಳನ್ನು ಜೋಡಿಸುವ ಒಂದು ಸಾಲು ಇಲ್ಲದಿದ್ದರೆ ನೂರು ವರ್ಷದ ದಾಖಲೆ ಇದ್ದೂ ಇಲ್ಲದಂತೆ.

ಹಾಗಾದರೆ ಆ ಪದವನ್ನು ಎಲ್ಲರೂ ಹೆಮ್ಮೆಯಿಂದ ಬಳಸಿ ಅನ್ನುವುದೇ? ಅಲ್ಲ. ಇಲ್ಲಿ ಎಚ್ಚರ ಬೇಕು. ಶಾಸನದಲ್ಲಿ ಪದಕ್ಕೆ ಗೌರವ ಇತ್ತು ಅಂದಮಾತ್ರಕ್ಕೆ ಆ ಹೆಣ್ಣುಮಕ್ಕಳೆಲ್ಲರ ಬದುಕು ಸುಖವಾಗಿತ್ತು ಅಂತ ಹೇಳಲಾಗದು. ರಾಜನ ಪ್ರಾಣವಲ್ಲಭೆಯ ದಾನ ಕಲ್ಲಿನ ಮೇಲೆ ಬಂತು. ದಾನ ಕೊಡಲು ಏನೂ ಇಲ್ಲದಿದ್ದವರ ಬದುಕು ಯಾವ ಕಲ್ಲಿನ ಮೇಲೂ ಬರಲಿಲ್ಲ. ಮುಂದೆ ದೇವರ ಹೆಸರಿನಲ್ಲಿ ಬಡವರ, ಅದರಲ್ಲೂ ದಲಿತರ ಮನೆಯ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿಯಾಗಿ ಅದು ಎಷ್ಟು ಜನರ ಬಾಳು ತಿಂದಿತು ಅನ್ನುವುದು ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಮೈಸೂರು ಸಂಸ್ಥಾನ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿ ಸೇವೆಯನ್ನು ೧೯೦೯-೧೦ರ ಸುಮಾರಿಗೇ ನಿಲ್ಲಿಸಿತು. ಮುಂಬಯಿ ಪ್ರಾಂತ್ಯದಲ್ಲಿ ೧೯೩೪ರಲ್ಲಿ, ಮದರಾಸಿನಲ್ಲಿ ೧೯೪೭ರಲ್ಲಿ ಕಾನೂನು ಬಂತು. ಕರ್ನಾಟಕದ ದೇವದಾಸಿ ನಿಷೇಧ ಕಾಯ್ದೆ ೧೯೮೨ರದು.

ಇವತ್ತು ಬದುಕಿರುವ ಒಬ್ಬ ಹೆಣ್ಣುಮಗಳನ್ನು ಆ ಪದದಿಂದ ಕರೆದು, ಆಮೇಲೆ ‘ಎಂಟನೇ ಶತಮಾನದಲ್ಲಿ ಇದು ಒಳ್ಳೆಯ ಪದ’ ಅಂತ ಸಮಜಾಯಿಷಿ ಕೊಟ್ಟರೆ ಅದು ಪಾಂಡಿತ್ಯವಲ್ಲ, ಕ್ರೌರ್ಯ. ಮಾತು ಕೇಳುವವರ ಕಿವಿಯಲ್ಲಿ ಯಾವ ಅರ್ಥ ಕೊಡುತ್ತದೋ ಅದೇ ಆಡಿದವನ ಹೊಣೆ. ೨೦೨೩ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಲಿಂಗ ಪೂರ್ವಗ್ರಹಗಳ ಬಗ್ಗೆ ಒಂದು ಕೈಪಿಡಿ ಹೊರಡಿಸಿತು. ತೀರ್ಪುಗಳಲ್ಲಿ ಹೆಣ್ಣನ್ನು ಹೀನಾಯಗೊಳಿಸುವ ಪದಗಳನ್ನು ಬಿಟ್ಟು ಅದರ ಬದಲು ಯಾವುದನ್ನು ಬಳಸಬೇಕು ಎಂಬ ಪಟ್ಟಿ ಅದರಲ್ಲಿದೆ. ವೇಶ್ಯೆ ಎನ್ನುವಲ್ಲಿ ಲೈಂಗಿಕ ಕಾರ್ಯಕರ್ತೆ ಎನ್ನಬೇಕು ಎಂಬುದೂ ಅದರಲ್ಲೊಂದು. ಬದುಕಿರುವವರ ವಿಷಯದಲ್ಲಿ ಇದು ಸರಿಯಾದ ದಾರಿ.

ಆದರೆ ಹಳೆಯ ದಾಖಲೆಯ ವಿಷಯ, ಊರು ಕೆರೆಗಳ ಹೆಸರಿನ ವಿಷಯ ಬೇರೆ. ಅಲ್ಲಿ ಪದ ಯಾರನ್ನೂ ಬೈಯುತ್ತಿಲ್ಲ, ಒಂದು ಸಂಗತಿಗೆ ಸಾಕ್ಷಿ ಹೇಳುತ್ತಿದೆ. ಸಾಕ್ಷಿಯ ಬಾಯಿ ಮುಚ್ಚಿಸಿದರೆ ಸಂಗತಿಯೂ ಹೋಗುತ್ತದೆ. ಬದುಕಿರುವವರಿಗೆ ಒಂದು ನ್ಯಾಯ, ಹೆಸರಾಗಿ ಉಳಿದಿರುವವರಿಗೆ ಇನ್ನೊಂದು ನ್ಯಾಯ ಅನ್ನುವುದರಲ್ಲಿ ವಿರೋಧವೇನೂ ಇಲ್ಲ. ಎರಡು ಕಡೆಯೂ ಉಳಿಸಬೇಕಾದ್ದು ಆ ಹೆಣ್ಣಿನ ಮರ್ಯಾದೆಯನ್ನೇ.

ಪದಗಳ ಅರ್ಥ ಬದಲಾಗುವುದನ್ನು ಯಾರಿಂದಲೂ ತಡೆಯಲಾಗುವುದಿಲ್ಲ. ಸರ್ಕಾರಿ ಆದೇಶ ಹೊರಡಿಸಿದರೂ ಆಗುವುದಿಲ್ಲ. ಹಾಗಿದ್ದಾಗ ನಮ್ಮ ಮಾತು ಇನ್ನೊಬ್ಬರಿಗೆ, ಮುಂದಿನವರಿಗೆ ಸರಿಯಾಗಿ ಮುಟ್ಟಬೇಕಾದರೆ ನಾವು ಮಾಡಬಹುದಾದ್ದು ತೀರಾ ಸರಳ. ಹಳೆಯದನ್ನು ಓದುವಾಗ ‘ಈ ಪದಕ್ಕೆ ಆಗ ಏನರ್ಥ?’ ಅಂತ ಒಮ್ಮೆ ಕೇಳಿಕೊಳ್ಳುವುದು. ಹೊಸದನ್ನು ಬರೆಯುವಾಗ ಅನುಮಾನಕ್ಕೆ ಎಡೆಯಿರುವ ಪದದ ಪಕ್ಕದಲ್ಲಿ ಒಂದು ಸಾಲಿನ ಅರ್ಥ ಸೇರಿಸುವುದು. ಕಿವಿಗೆ ಕಟು ಅಂತ ಪದವನ್ನು ಬದಲಿಸಲೇಬೇಕಾದರೆ ಹಳೆಯದನ್ನು ಅಳಿಸದೆ ಜೊತೆಗಿಡುವುದು. ಅಚ್ಚುಕಟ್ಟು, ಕೋಡಿ, ಮಾನ್ಯ, ಬಿಟ್ಟಿ ಎಲ್ಲದಕ್ಕೂ ಇದೇ ಮದ್ದು.

ಸೂಳೆಕೆರೆಯ ಏರಿಯ ಮೇಲೆ ಒಂದು ಕಲ್ಲಿನ ಫಲಕ ನಿಲ್ಲಿಸಿ ಎರಡೂ ಹೆಸರು ಒಂದೇ ಅಳತೆಯ ಅಕ್ಷರದಲ್ಲಿ ಬರೆದರೆ ಸಾಕು. ಕೆಳಗೆ ಮೂರು ಸಾಲು: ಈ ಕೆರೆಯನ್ನು ಶಾಂತವ್ವ ಎಂಬಾಕೆ ಕಟ್ಟಿಸಿದಳೆಂದು ಜನ ಹೇಳುತ್ತಾರೆ. ಅದಕ್ಕೆ ಜಾಗ ಬಿಟ್ಟುಕೊಟ್ಟ ಹೆಂಗಸರು ಪ್ರತಿಯಾಗಿ ತಮ್ಮ ಹೆಸರು ಉಳಿಯಲಿ ಎಂದು ಕೇಳಿಕೊಂಡರು. ಇವತ್ತು ಬೈಗುಳವಾಗಿರುವ ಆ ಪದವನ್ನು ಹಳೆಯ ಶಾಸನಗಳು ದೇವಾಲಯಕ್ಕೆ ದಾನ ಕೊಟ್ಟ ಹೆಣ್ಣುಮಕ್ಕಳಿಗೆ ಗೌರವದಿಂದ ಬಳಸಿವೆ. ಇಷ್ಟು ಓದಿದ ಶಾಲೆಯ ಹುಡುಗಿ ತನ್ನ ಊರಿನ ಕೆರೆಯ ಹೆಸರು ಹೇಳಲು ತಲೆ ತಗ್ಗಿಸುವುದಿಲ್ಲ. ತರಗತಿಯಲ್ಲಿ ಕಿಸಕ್ಕನೆ ನಗುವ ಹುಡುಗನಿಗೂ ಉತ್ತರ ಸಿಗುತ್ತದೆ.

ಕತೆಯಲ್ಲಿ ಶಾಂತವ್ವ ಒಂದು ಮಾತು ಕೊಟ್ಟಳು. ಆ ಮಾತನ್ನು ಚನ್ನಗಿರಿ ಸೀಮೆಯ ರೈತರು, ಮೀನುಗಾರರು, ಅಜ್ಜ ಅಜ್ಜಿಯರು ಎಂಟು ನೂರು ಒಂಬೈನೂರು ವರ್ಷ ನಡೆಸಿಕೊಂಡು ಬಂದಿದ್ದಾರೆ. ಮೈಕಿನ ಮುಂದೆ ನಿಲ್ಲುವವರಿಗೂ ಅದನ್ನು ನಡೆಸುವುದು ಅಷ್ಟೇನೂ ಕಷ್ಟವಾಗಲಾರದು. ನಿಮ್ಮ ಊರಿನ ಕಡೆಯೂ ಅರ್ಥ ಬದಲಾಗಿ ಮುಜುಗರಕ್ಕೆ ಸಿಕ್ಕಿಕೊಂಡ ಹೆಸರುಗಳಿದ್ದರೆ, ಬದಲಿಸುವ ಮೊದಲು ಹಿರಿಯರನ್ನು ಒಮ್ಮೆ ಕೇಳಿ ಬರೆದಿಟ್ಟುಕೊಳ್ಳಿ. ಅವರಿಗೆ ಗೊತ್ತಿರುವ ಅರ್ಥ ಅವರ ಜೊತೆಗೇ ಹೋಗುವುದು ಬೇಡ.